ಬೆರೆಸಿದ ಮಣಿಗಳ ಡಬ್ಬಿ

ನನಗಾಗ ಎಪ್ಪತ್ತೊಂದು ವರ್ಷ. ಅದಾಗಿ ಈಗ ಒಂದು ವರ್ಷ ಕಳೆಯಿತು. ಎರಡು ದೊಡ್ಡ ದೇಶಗಳ ಜಗಳದ ಕಾಗದವೊಂದು ಸೂರತ್ತಿನ ಪಕ್ಕದ ನಮ್ಮ ಊರು ಸಚಿನ್‌ವರೆಗೆ ಬಂತು, ನಾನು ಅದಕ್ಕೆ ಸಹಿ ಹಾಕಿದೆ. ಓದದೆ ಹಾಕಿದೆ. ಯಾರನ್ನೂ ಕೇಳದೆ ಹಾಕಿದೆ. ಎರಡನೆಯದೇ ದೊಡ್ಡ ತಪ್ಪು.

ನಾನು ಹುಬ್ಬಳ್ಳಿಯ ಕಡೆಯವಳು. ಯಜಮಾನರು ರೈಲ್ವೆಯಲ್ಲಿ ಹಳಿ ಕಾಯುವ ಕೆಲಸದಲ್ಲಿದ್ದರು. ಅವರ ಹಿಂದೆ ವಡೋದರಕ್ಕೆ ಬಂದೆ, ಅಲ್ಲಿಂದ ಸೂರತ್ತಿಗೆ ಬಂದೆ. ಅವರು ಹೋಗಿ ಒಂಬತ್ತು ವರ್ಷ. ಮಗನೂ ರೈಲ್ವೆಯಲ್ಲೇ ಇದ್ದಾನೆ, ಟಿಕೆಟ್ ಕಿಟಕಿಯ ಹಿಂದೆ ಕೂರುತ್ತಾನೆ. ನಾನು ಮೂರನೆಯ ಇಯತ್ತೆಯವರೆಗೆ ಶಾಲೆ ಕಂಡವಳು. ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಗುಜರಾತಿ ಆಡಲು ಬರುತ್ತದೆ, ಓದಲು ಬರುವುದಿಲ್ಲ. ಇಂಗ್ಲಿಷ್ ಏನೂ ಬರುವುದಿಲ್ಲ. ಆ ಕಾಗದ ಇಂಗ್ಲಿಷಿನಲ್ಲಿತ್ತು.

ನಾವಿರುವ ಮನೆಗಳ ಸೊಸೈಟಿಯಲ್ಲಿ ಸ್ಕೂಟರ್ ನಿಲ್ಲಿಸುವ ಜಾಗದ ಹಿಂದೆ ಒಂದು ಕೋಣೆ ಇದೆ. ಅಲ್ಲಿ ಚಾಪೆ ಹಾಸಿಕೊಂಡು ಹನ್ನೊಂದು ಹೆಂಗಸರು ಮಣಿ ಕೆಲಸ ಮಾಡುತ್ತೇವೆ. ಉಡುಪಿನ ಕುತ್ತಿಗೆಯ ಪಟ್ಟಿಗೆ ಸಣ್ಣ ಗಾಜಿನ ಮಣಿ ಹೊಲಿಯುವುದು. ಪಟ್ಟಿ ಇಲ್ಲಿಂದ ಕೈಗಾರಿಕಾ ಎಸ್ಟೇಟಿನ ಒಂದು ಕಾರ್ಖಾನೆಗೆ ಹೋಗುತ್ತದೆ, ಅಲ್ಲಿ ಅದನ್ನು ಉಡುಪಿಗೆ ಕೂಡಿಸುತ್ತಾರೆ, ಉಡುಪು ಅಮೆರಿಕಕ್ಕೆ ಹೋಗುತ್ತದೆ. ಅದನ್ನು ಹಾಕಿಕೊಂಡವರನ್ನು ನಾವು ಯಾರೂ ಕಂಡಿಲ್ಲ. ಎಷ್ಟು ದಪ್ಪ ಕುತ್ತಿಗೆಯವರು ಎಂಬುದು ಮಾತ್ರ ಗೊತ್ತು. ನನಗೆ ಈಗ ಸೂಜಿಯ ಕಣ್ಣು ಕಾಣುವುದಿಲ್ಲ. ಹಾಗಾಗಿ ಮಣಿ ತರುವುದು, ಕಲಸುವುದು, ಮಾಲು ಎಣಿಸಿ ಕಳಿಸುವುದು ನನ್ನ ಕೆಲಸ. ಎಲ್ಲರೂ ನನ್ನನ್ನು ಮಾಸಿ ಅನ್ನುತ್ತಾರೆ, ಅಂದರೆ ಚಿಕ್ಕಮ್ಮ. ಅವರು ಆಡುವುದು ಗುಜರಾತಿ, ಕೆಲವರದ್ದು ಹಿಂದಿ. ನನಗೆ ಅದು ಕಿವಿಗೆ ಬಿದ್ದ ಕೂಡಲೇ ನಮ್ಮ ಕಡೆಯ ಮಾತಾಗಿಬಿಡುತ್ತದೆ, ಇಲ್ಲೂ ಹಾಗೇ ಬರೆಯುತ್ತೇನೆ.

ಕಲಸುವುದು ಅಂದೆ. ಅದು ನಾನೇ ತಂದ ರೂಢಿ. ಎರಡು ಪೊಟ್ಟಣದ ಬಿಳಿ ಮಣಿ ಯಾವತ್ತೂ ಒಂದೇ ಬಿಳಿ ಇರುವುದಿಲ್ಲ. ಒಂದು ಹಾಲಿನಂತೆ, ಇನ್ನೊಂದು ಗಂಜಿಯಂತೆ. ಒಂದು ಮುಗಿಸಿ ಇನ್ನೊಂದು ಹಿಡಿದರೆ ಪಟ್ಟಿಯ ನಡುವೆ ಗೆರೆ ಬೀಳುತ್ತದೆ, ಕಾರ್ಖಾನೆಯವರು ತಿರುಗಿ ಒಗೆಯುತ್ತಾರೆ. ಅದಕ್ಕೆ ಹಳೆಯದು ಮುಗಿಯುವ ಮೊದಲೇ ಹೊಸ ಪೊಟ್ಟಣವನ್ನು ಅದರ ಮೇಲೆ ಸುರಿದು ಕೈಯಾಡಿಸುವುದು. ಆರು ವರ್ಷದಿಂದ ಆ ದೊಡ್ಡ ಡಬ್ಬಿಯ ತಳ ಯಾರೂ ಕಂಡಿಲ್ಲ. ನಮ್ಮ ಪಟ್ಟಿಯಲ್ಲಿ ಗೆರೆ ಬೀಳುವುದಿಲ್ಲ ಅಂತಲೇ ನಮಗೆ ಕೆಲಸ ಬರುತ್ತಿತ್ತು.

ಇನ್ನೊಂದು ರೂಢಿಯನ್ನೂ ಹೇಳಬೇಕು. ಮೊದಲು ನಾವು ಏನಾದರೂ ಗೊತ್ತು ಮಾಡಬೇಕಾದರೆ ಕೈ ಎತ್ತುತ್ತಿದ್ದೆವು. ಕೋಣೆ, ನಮ್ಮ ಜೊತೆಯೇ ಕೂತು ಹೊಲಿಯುವ ಮೇಲಿನ ಮನೆಯಾಕೆಯದು. ಎಲ್ಲರೂ ಮೊದಲು ಅವಳ ಕೈ ನೋಡಿ ಆಮೇಲೆ ತಮ್ಮ ಕೈ ಎತ್ತುತ್ತಿದ್ದರು. ಒಂದು ಸಲ ನವರಾತ್ರಿಯ ಒಂಬತ್ತು ದಿನ ಗರ್ಬಾ ಕುಣಿಯಲು ನಾಲ್ಕಕ್ಕೇ ಕೆಲಸ ಬಿಡಬೇಕೋ ಬೇಡವೋ ಎಂಬ ಮಾತು ಬಂತು. ಕೈ ಎತ್ತಿದಾಗ ಒಬ್ಬರಿಗೂ ಗರ್ಬಾ ಬೇಕಾಗಿರಲಿಲ್ಲ. ಗುಜರಾತಿನ ಹೆಂಗಸರಿಗೆ ಗರ್ಬಾ ಬೇಡವಂತೆ! ನಾನು ಒಂದು ಚಹಾಪುಡಿಯ ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು ತಂದೆ. ಪ್ರತಿಯೊಬ್ಬಳ ಕೈಗೆ ಒಂದು ಬಿಳಿ ಮಣಿ, ಒಂದು ಕರಿ ಮಣಿ. ಬಿಳಿ ಅಂದರೆ ಹೌದು, ಕರಿ ಅಂದರೆ ಬೇಡ. ಬೇಕಾದದ್ದನ್ನು ತೂತಿನಲ್ಲಿ ಹಾಕಿ, ಉಳಿದದ್ದನ್ನು ಮುಚ್ಚಿಕೊಂಡು ಹೋಗುವುದು. ಒಂಬತ್ತು ಬಿಳಿ, ಎರಡು ಕರಿ ಬಂತು. ಮೇಲಿನ ಮನೆಯಾಕೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು. ಅಂದಿನಿಂದ ಡಬ್ಬಿಯೇ. ಯಾರಿಗೆ ಹೆಚ್ಚು ಪೆಟ್ಟು ಬೀಳುತ್ತದೋ ಅವಳು ಮೊದಲು ಮಾತಾಡಬೇಕು ಎಂಬುದನ್ನು ಆಮೇಲೆ ಫ್ಯಾನ್ ಯಾರ ಕಡೆ ತಿರುಗಬೇಕು ಎಂಬ ಜಗಳದಲ್ಲಿ ಸೇರಿಸಿಕೊಂಡೆವು.

ನಮ್ಮಲ್ಲಿ ಎಲ್ಲರಿಗಿಂತ ಚೊಕ್ಕ ಕೈ ಹೀರಾ ಕೆಲಸದವನ ಹೆಂಡತಿಯದು. ಅವಳ ಗಂಡ ಸೂರತ್ತಿನ ಒಂದು ಕಾರ್ಖಾನೆಯಲ್ಲಿ ಹೀರಾ, ಅಂದರೆ ವಜ್ರ, ತಿಕ್ಕುತ್ತಿದ್ದ. ಒಂದು ಕಡೆ ರಷ್ಯಾದ ಯುದ್ಧ, ಅಲ್ಲಿಂದ ಕಲ್ಲು ಬರುವುದು ಕಡಿಮೆಯಾಯಿತು. ಇನ್ನೊಂದು ಕಡೆ ಅಮೆರಿಕದವರ ಸುಂಕ, ತಿಕ್ಕಿದ ಕಲ್ಲು ಹೋಗುವುದು ಕಡಿಮೆಯಾಯಿತು. ಕಾರ್ಖಾನೆ ಮೊದಲು ವಾರಕ್ಕೆ ನಾಲ್ಕು ದಿನ ನಡೆಯಿತು, ಆಮೇಲೆ ಬಾಗಿಲು ಹಾಕಿತು. ಅವರ ಊರು ಸೌರಾಷ್ಟ್ರದಲ್ಲಿ. ದೀಪಾವಳಿಗೆ ಹೀರಾದವರೆಲ್ಲ ಊರಿಗೆ ಹೋಗುತ್ತಾರೆ. ಈಗೀಗ ಹೋದವರು ತಿರುಗಿ ಬರುತ್ತಿಲ್ಲ. ಗಂಡ ಹೇಳಿಬಿಟ್ಟಿದ್ದ: ನಿನ್ನ ಕೆಲಸವೂ ನಿಂತರೆ ಈ ದೀಪಾವಳಿಗೆ ಗಂಟು ಕಟ್ಟುವುದೇ. ಅವಳ ಮಗಳು ಹತ್ತನೆಯ ಕ್ಲಾಸು. ಪರೀಕ್ಷೆ ಮಾರ್ಚಿನಲ್ಲಿ. ನಡುವೆ ಶಾಲೆ ಬಿಡಿಸಿ ಕರೆದುಕೊಂಡು ಹೋದರೆ ಆ ಹುಡುಗಿಯನ್ನು ಮತ್ತೆ ಯಾರೂ ಶಾಲೆಗೆ ಹಾಕುವುದಿಲ್ಲ, ಅದು ತಾಯಿಗೂ ಗೊತ್ತು, ನಮಗೂ ಗೊತ್ತು. "ಮಾರ್ಚ್ ತನಕ ಸೂಜಿ ನಡೀಲಿ ಮಾಸಿ, ಆಮ್ಯಾಲೆ ಏನರ ಆಗಲಿ" ಅನ್ನುತ್ತಿದ್ದಳು.

ನವರಾತ್ರಿಗೆ ಎರಡು ವಾರ ಇತ್ತು. ಒಂದು ಮಂಗಳವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಕಾರ್ಖಾನೆಯಿಂದ ಮಾಲು ತರುವವನು ಬಂದ. ಕೈಯಲ್ಲಿ ಗಂಟಿಲ್ಲ, ಕಾಗದ.

"ಮಾಸಿ, ಇದಕ್ಕೊಂದು ಸಹಿ ಬೇಕು. ಎರಡು ದಿನದಾಗ ಕಾರ್ಖಾನಿಗೆ ಮುಟ್ಟಬೇಕು. ಇಲ್ಲಾಂದ್ರ ಮಾಲು ಬ್ಯಾರೆ ಕಡೆ ಹೋಗ್ತೈತಿ."

"ಏನು ಬರದೈತಿ ಇದರಾಗ?"

"ಏನಿಲ್ಲ, ನಮ್ಮ ಮಾಲು ಚೀನಾದ್ದಲ್ಲ ಅಂತ. ಅಮೆರಿಕದವರು ಕೇಳ್ಯಾರ."

"ಸಚಿನ್‌ನಾಗ ಕುಂತು ಹೊಲಿಯೂದು ಚೀನಾದ್ದು ಹೆಂಗಾಗ್ತೈತೋ?"

"ಅದನ್ನ ಬರದಾರ ಮಾಸಿ! ಹಾಕ್ರಿ."

ನಾನು ಹೀರಾದವನ ಹೆಂಡತಿ ಕೂರುವ ಜಾಗ ನೋಡಿದೆ. ಚಾಪೆಯ ಮೇಲೆ ಅವಳ ಕನ್ನಡಕ, ಅರ್ಧ ಹೊಲಿದ ಪಟ್ಟಿ. ಊಟದಿಂದ ಅವರು ಬರಲು ಅರ್ಧ ಗಂಟೆ ಸಾಕಾಗಿತ್ತು. ಕಾಯಬಹುದಿತ್ತು. ಹಿರಿಯವಳು ನಾನು, ಅವಳ ಒಳ್ಳೆಯದಕ್ಕೇ ಮಾಡುತ್ತಿದ್ದೇನೆ, ಕೇಳುವುದೇನು ಅಂತ ಅನಿಸಿತು. ಹಾಕಿದೆ. ನನ್ನ ಸಹಿ ಹಾಕಲು ಹೊತ್ತು ಹಿಡಿಯುತ್ತದೆ, ಅವನು ಅಷ್ಟೂ ಹೊತ್ತು ಪೆನ್ನನ್ನೇ ನೋಡುತ್ತಿದ್ದ. ಇನ್ನೊಂದು ಪ್ರತಿಯನ್ನು ನನಗೆ ಕೊಟ್ಟು ಹೋದ.

ಸಂಜೆ ಮಗ ಅದನ್ನು ಓದಿದ. ಅವನಿಗೆ ದೇಶದೇಶಗಳ ಜಗಳ ಅಂದರೆ ಕ್ರಿಕೆಟ್ ಇದ್ದ ಹಾಗೆ. ವಾರದ ರಜೆಯಲ್ಲಿ ಕೆಳಗಿನ ಬೆಂಚಿನ ಮೇಲೆ ಬ್ಯಾಂಕಿನಿಂದ ನಿವೃತ್ತರಾದ ಕಾಕಾನ ಜೊತೆ ಕೂತು ಅಮೆರಿಕ, ಚೀನಾ, ರಷ್ಯಾ ಮೂವರನ್ನೂ ಸೋಲಿಸಿ ಮೇಲೆ ಬರುತ್ತಾನೆ.

"ಭೇಷ್ ಮಾಡಿದಿ ಅವ್ವಾ" ಅಂದ. "ಈಗ ನಡುವ ನಿಲ್ಲೂ ಕಾಲ ಅಲ್ಲ. ನಮ್ಮದು ಓಟು ಹಾಕೋ ದೇಶ, ಅಮೆರಿಕಾನೂ ಓಟು ಹಾಕೋ ದೇಶ. ನಾವು ಅವರ ಕಡೆ ನಿಲ್ಲಬೇಕು."

"ಅವರು ನಮ್ಮ ಕಡೆ ನಿಂತಾರೇನು? ಸುಂಕ ಹಾಕಿದವರು ಯಾರು ಮತ್ತ?"

"ಅದು ಬ್ಯಾರೆ."

"ಹೆಂಗ ಬ್ಯಾರೆ?"

ಅವನು ಕಾಗದದ ಕೆಳಗಿನ ಸಾಲು ಓದಿದ. ಮುಖ ಸ್ವಲ್ಪ ಬೇರೆಯಾಯಿತು. "ಅವ್ವಾ, ಬರೇ ಹೊಲಿಯೂ ಕೆಲಸದ್ದಲ್ಲ ಇದು. ಬಟ್ಟಿ, ದಾರ, ಮಣಿ, ಯಾವುದೂ ಚೀನಾದ್ದಲ್ಲ ಅಂತ ಬರದೈತಿ. ಸಿಕ್ಕರ ನಷ್ಟ ಎಲ್ಲಾ ಸಹಿ ಹಾಕಿದವರದು. ನಿಮ್ಮ ಮಣಿ ಎಲ್ಲೀವು?"

"ಬಾಜಾರದ್ದು" ಅಂದೆ.

"ಬಾಜಾರಕ್ಕ ಎಲ್ಲಿಂದ ಬರ್ತಾವು?"

ಆರು ವರ್ಷದಲ್ಲಿ ನಾನು ಅದನ್ನು ಒಂದು ಸಲವೂ ಕೇಳಿರಲಿಲ್ಲ. ಬೆಲೆ ಕೇಳಿದ್ದೆ, ತೂಕ ಕೇಳಿದ್ದೆ.

ಬುಧವಾರ ಬೆಳಿಗ್ಗೆ ಲೋಕಲ್ ರೈಲು ಹಿಡಿದು ಸೂರತ್ತಿನ ಬಜಾರಿಗೆ ಹೋದೆ. ಮಣಿ ಅಂಗಡಿಯವನು ನನ್ನ ಪ್ರಶ್ನೆಗೆ ನಕ್ಕ. "ಕೆಲವು ಉತ್ತರದ ಕಡೆಯಿಂದ, ನಮ್ಮ ದೇಶದ್ದೇ. ಕೆಲವು ಚೀನಾದಿಂದ ಹಡಗಿನ್ಯಾಗ ಬರ್ತಾವು. ಯಾವ ತಿಂಗಳು ಯಾವುದು ಅಗ್ಗ ಇತ್ತೋ ಅದನ್ನ ಕೊಟ್ಟೀನಿ ಮಾಸಿ. ನೀವ ಅಗ್ಗದ್ದು ಕೊಡು ಅಂತಿದ್ರಿ." ಕಾಗದದ ವಿಷಯ ಹೇಳಿದೆ. ಅವನಿಗೆ ಸಿಟ್ಟು ಬಂತು, ನನ್ನ ಮೇಲಲ್ಲ. ಚೀನಾದ ಮಾಲೇ ಅವನ ಅನ್ನ. "ಅಮೆರಿಕದವರಿಗೆ ಹೆದರಬ್ಯಾಡ್ರಿ. ನಾ ನಿಮಗೊಂದು ಮಶೀನು ಪುಕ್ಕಟ ಕೊಡಸ್ತೀನಿ, ಅಲ್ಲಿಂದ ಬಂದದ್ದು. ಮಣಿ ತಾನ ಅಂಟಸ್ತೈತಿ. ಒಂದ ಶರತ್ತು, ಮಣಿ ನನ್ನ ಹಂತ್ಯಾಕ ಕೊಳ್ಳಬೇಕು, ಬ್ಯಾರೆ ಎಲ್ಲೂ ಅಲ್ಲ. ಇಲ್ಲೇ ಊರಾಗಿನ ಗಿರಾಕಿ ನಾನ ತೋರಸ್ತೀನಿ."

"ಮಶೀನಿಗೆ ಎಷ್ಟು ಮಂದಿ ಬೇಕು?"

"ಇಬ್ಬರು ಬೇಕಾದಷ್ಟು."

ನಾವು ಹನ್ನೊಂದು ಮಂದಿ. ಅವನಿಗೆ ಗೊತ್ತಿತ್ತು.

ವಾಪಸು ಬರುವಾಗ ಲೋಕಲ್‌ನಲ್ಲಿ ಕೂತು ಯೋಚಿಸಿದೆ. ಒಬ್ಬ ಸಹಿ ಹಾಕು ಅನ್ನುತ್ತಾನೆ, ಇಲ್ಲದಿದ್ದರೆ ಕೆಲಸ ಕಿತ್ತುಕೊಳ್ಳುತ್ತೇನೆ ಅನ್ನುತ್ತಾನೆ. ಇನ್ನೊಬ್ಬ ಪುಕ್ಕಟೆ ತಗೋ ಅನ್ನುತ್ತಾನೆ, ಅದು ಒಳಗೆ ಬಂದ ಮೇಲೆ ಒಂಬತ್ತು ಮಂದಿ ಹೊರಗೆ. ಹೆದರಿಸುವವನಿಗಿಂತ ಕೊಡುವವನು ಒಳ್ಳೆಯವನು ಅಂತ ನನಗೆ ಅನಿಸಲಿಲ್ಲ. ಕೊಡುವವನಿಗಿಂತ ಹೆದರಿಸುವವನು ನೆಟ್ಟಗಿನವನು ಅಂತಲೂ ಅನಿಸಲಿಲ್ಲ. ಇಬ್ಬರಿಗೂ ಬೇಕಾದದ್ದು ಇನ್ನೊಬ್ಬನ ಸೋಲು. ನಾವು ನಡುವೆ ಇದ್ದೆವು ಅಷ್ಟೆ.

ಕೋಣೆಗೆ ಬಂದು ಎಲ್ಲರಿಗೂ ಸೂಜಿ ಇಡಲು ಹೇಳಿದೆ. ನಡೆದದ್ದನ್ನು ಹೇಳಿದೆ. ಸಹಿ ಹಾಕಿದ್ದನ್ನು ಕೊನೆಗೆ ಹೇಳಿದೆ, ಮೊದಲು ಹೇಳಬೇಕಿತ್ತು.

ಮೇಲಿನ ಮನೆಯಾಕೆ ಕೇಳಿದಳು. "ಕೋಣಿ ನಂದು. ಆದ್ರೂ ನಾನು ಒಬ್ಬಾಕಿನ ಹೇಳಿದಂಗ ಆಗಬಾರದು ಅಂತ ನೀವು ಡಬ್ಬಿಗೆ ತೂತು ಹೊಡಕೊಂಡು ಬಂದ್ರಿ. ಆವತ್ತು ಎಷ್ಟು ನಾಚಿಕಿ ಆತು ನನಗ. ಈಗ ನಮ್ಮ ಹನ್ನೊಂದು ಮಂದಿ ಹೆಸರಲೆ ನೀವೊಬ್ಬರ ಸಹಿ ಹಾಕೀರಿ. ನಿಮ್ಮ ಡಬ್ಬಿ ಎಲ್ಲಿತ್ತು ಮಾಸಿ?"

"ಶೆಲ್ಫಿನ ಮ್ಯಾಲಿತ್ತು" ಅಂದೆ.

ಒಬ್ಬಿಬ್ಬರು ನಕ್ಕರು. ಅವಳು ನಗಲಿಲ್ಲ. ಅವಳು ಹೇಳಿದ್ದು ಸರಿ ಇತ್ತು. ದೊಡ್ಡವರಿಗೆ ಹೆದರಿದಾಗ ನಾವು ಮೊದಲು ಮಾಡುವ ಕೆಲಸ ಮನೆಯವರನ್ನು ಕೇಳುವುದನ್ನು ಬಿಡುವುದು. ಹೊತ್ತಿಲ್ಲ ಅನ್ನುತ್ತೇವೆ. ನನಗೆ ಅರ್ಧ ಗಂಟೆ ಇತ್ತು.

"ಹೋಗ್ಲಿ ಬಿಡ್ರಿ" ಅಂದಳು ಬಾಗಿಲ ಹತ್ತಿರ ಕೂರುವವಳು, ಎಲ್ಲದಕ್ಕೂ ಅವಳದು ಸುಲಭದ ದಾರಿ. "ಅಮೆರಿಕದವರು ಇಲ್ಲಿಗೆ ಬಂದು ಮಣಿ ಎಣಸ್ತಾರೇನು? ಸಹಿ ಇದ್ರ ಇರಲಿ."

"ಎಣಸಿದ್ರ?" ಅಂದೆ.

"ಎಣಸಿದ್ರ ನಮ್ಮವು ಯಾವು, ಚೀನಾದವು ಯಾವು ಅಂತ ನಾವ ಆರಿಸಿ ಇಡೂಣಲ್ಲ."

ಸರಿ, ಆರಿಸೋಣ ಅಂತ ಒಂದು ತಟ್ಟೆಗೆ ಡಬ್ಬಿಯಿಂದ ಒಂದು ಹಿಡಿ ಸುರಿದೆವು. ಹನ್ನೊಂದು ತಲೆ ತಟ್ಟೆಯ ಮೇಲೆ ಬಾಗಿದವು. ಇದು ಚೀನಾದ್ದು, ಹೊಳಿತೈತಿ ನೋಡು. ಇಲ್ಲ, ಹೊಳೆಯೂದು ನಮ್ಮದು. ಇದು ಸ್ವಲ್ಪ ಸೊಟ್ಟ ಐತಿ, ಸೊಟ್ಟ ಇದ್ದದ್ದು ನಮ್ಮದೇ ಇರಬೇಕು. "ಯಾಕ, ನಾವು ಅಷ್ಟು ಸೊಟ್ಟ ಇದ್ದೀವೇನು?" ಅಂತ ಒಬ್ಬಳು ರೇಗಿದಳು. ಅರ್ಧ ಗಂಟೆಯಲ್ಲಿ ತಟ್ಟೆಯಲ್ಲಿ ಎರಡು ರಾಶಿ ಆಗಿ ಮತ್ತೆ ಒಂದಾದವು. ನಾನು ಆರು ವರ್ಷ ಕೈಯಾಡಿಸಿದ್ದು ಅಷ್ಟು ಚೆನ್ನಾಗಿ ಕೂಡಿತ್ತು.

ಆಗ ಹೀರಾದವನ ಹೆಂಡತಿ ಎದ್ದು ಹೋಗಿ ಗಂಡನನ್ನು ಕರೆದುಕೊಂಡು ಬಂದಳು. ಕೆಲಸ ನಿಂತ ಮೇಲೆ ಅವನು ಯಾರ ಎದುರಿಗೂ ಬರುತ್ತಿರಲಿಲ್ಲ. ವಜ್ರ ನೋಡುವ ಪುಟ್ಟ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ತಟ್ಟೆಯ ಮುಂದೆ ಕೂತ. ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ಬಹಳ ದಿನದ ಮೇಲೆ ಕೈಗೆ ಕೆಲಸ ಸಿಕ್ಕವನ ಬೆನ್ನು. ಒಂದೊಂದೇ ಮಣಿ ಎತ್ತಿ ತೂತಿನ ಅಂಚು ನೋಡಿದ. ನಾವು ಚಹಾ ಕುಡಿದು ಮುಗಿಸುವವರೆಗೂ ನೋಡಿದ.

"ಕೆಲವಕ್ಕ ತೂತು ನುಣುಪು ಐತಿ, ಕೆಲವಕ್ಕ ಒರಟು ಐತಿ" ಅಂದ. "ಬ್ಯಾರೆ ಬ್ಯಾರೆ ಕೈಯಾಗ ಆಗ್ಯಾವು, ಅಷ್ಟ ಹೇಳಬಲ್ಲೆ. ಯಾವ ದೇಶದ ಕೈ ಅಂತ ಕೇಳಬ್ಯಾಡ್ರಿ. ಹೀರಾನೂ ಹಂಗ. ಕಲ್ಲಿನ ಮ್ಯಾಲೆ ಊರಿನ ಹೆಸರು ಇರೂದಿಲ್ಲ, ಚೀಟಿ ಮ್ಯಾಲೆ ಇರ್ತೈತಿ. ಚೀಟಿ ಇಟ್ಟೀರೇನು?"

ಚೀಟಿ ಇರಲಿಲ್ಲ. ಪೊಟ್ಟಣ ಒಡೆದ ಕೂಡಲೇ ನಾನು ಕಾಗದವನ್ನು ಒಲೆ ಹಚ್ಚಲು ಒಯ್ಯುತ್ತಿದ್ದೆ.

ಅವನು ಭೂತಗನ್ನಡಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟ. ಬಾಗಿಲಲ್ಲಿ ನಿಂತು ಹೆಂಡತಿಗೆ ಹೇಳಿದ, "ಏನು ಗೊತ್ತಾದರೂ ಇವತ್ತ ಹೇಳು. ಬಸ್ಸಿನ ಟಿಕೆಟ್ ತೆಗೀಬೇಕಾದ್ರ ಈಗ ತೆಗೀಬೇಕು."

ಇನ್ನು ಡಬ್ಬಿ ಇಳಿಸುವುದೇ ಉಳಿದದ್ದು. ಪ್ರಶ್ನೆ ಒಂದೇ: ನನ್ನ ಸಹಿ ಇರಬೇಕೋ, ವಾಪಸು ತರಬೇಕೋ. ಹೆಚ್ಚು ಪೆಟ್ಟು ಬೀಳುವವಳು ಹೀರಾದವನ ಹೆಂಡತಿ, ಅವಳೇ ಮೊದಲು ಮಾತಾಡಬೇಕು. ಅವಳು ಎದ್ದು ನಿಂತಳು. ಅಂಥ ಪದ್ಧತಿ ನಮ್ಮಲ್ಲಿ ಇರಲಿಲ್ಲ, ಎಲ್ಲ ಕೂತೇ ಮಾತಾಡುತ್ತಿದ್ದೆವು.

"ಸಹಿ ಇರಲಿ ಅಂತೀನಿ ನಾನು" ಅಂದಳು. "ಸುಳ್ಳೋ ಖರೆಯೋ ನನಗ ಬ್ಯಾಡ. ಮಾರ್ಚ್ ತನಕ ಬೇಕು. ನೀವೆಲ್ಲಾ ಕೂಡಿ ವಾಪಸ್ ತಂದ್ರಿ ಅಂದ್ರ, ಖರೆ ನಿಮ್ಮ ಪಾಲಿಗೆ ಬರ್ತೈತಿ, ಬಸ್ಸು ನನ್ನ ಪಾಲಿಗೆ. ಹಂಗ ಮಾಡೂದಿದ್ರ ಬಸ್ಸಿಂದೂ ವಿಚಾರ ಮಾಡ್ರಿ. ಬರೇ ಖರೇದ್ದಷ್ಟ ಮಾಡಬ್ಯಾಡ್ರಿ."

ಕೂತಳು. ನನ್ನ ಬದುಕಿನಲ್ಲಿ ಇಷ್ಟು ನೆಟ್ಟಗಿನ ಮಾತು ಕೇಳಿದ್ದು ಕಡಿಮೆ. ಟಿವಿಯಲ್ಲಿ ದೇಶ ದೇಶ ಅಂತ ಗಂಟಲು ಹರಿದುಕೊಳ್ಳುತ್ತಾರಲ್ಲ, ನಾವು ಹೀಗೆ ನಿಲ್ಲಬೇಕು, ಬಗ್ಗಬಾರದು ಅಂತ. ನಿಂತದ್ದರ ಪೆಟ್ಟು ಯಾರ ಬೆನ್ನಿಗೆ ಬಿತ್ತು ಅಂತ ಯಾರೂ ಹೇಳುವುದಿಲ್ಲ. ಹೀರಾ ತಿಕ್ಕುವವನಿಗೆ ಬಿತ್ತು. ಅವನನ್ನು ಯಾರೂ ಮೊದಲು ಮಾತಾಡಲು ಕರೆದಿರಲಿಲ್ಲ.

ಮಣಿ ಹಾಕಿದೆವು. ತಟ್ಟೆಗೆ ಸುರಿದು ಎಣಿಸಿದವಳು ಹೀರಾದವನ ಹೆಂಡತಿಯೇ. ಸಹಿ ಇರಲಿ ಎಂಬ ಬಿಳಿ ನಾಲ್ಕು, ವಾಪಸು ತರಬೇಕು ಎಂಬ ಕರಿ ಏಳು. ಅವಳು ಎರಡು ಸಲ ಎಣಿಸಿದಳು. ನಾನು ಯಾವುದನ್ನು ಹಾಕಿದೆ ಅಂತ ಇವತ್ತಿಗೂ ಯಾರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ಮಶೀನು ಬೇಕೋ ಅಂತ ಎರಡನೆಯ ಸಲ ಹಾಕಿದೆವು. ಎರಡು ಬಿಳಿ ಬಂದವು. ಆ ಇಬ್ಬರು ತಾವೇ ಮಶೀನಿನ ಮುಂದೆ ಕೂರುವವರು ಅಂದುಕೊಂಡಿರಬೇಕು.

ಮೂರನೆಯದು ಬಸ್ಸಿನದು. ಅದನ್ನು ಎತ್ತಿದವಳು ಮೇಲಿನ ಮನೆಯಾಕೆ. "ಮಾಲು ಕಡಿಮಿ ಬಂತಂದ್ರ ಎಲ್ಲಾರಿಗೂ ಸರಿಯಾಗಿ ಹಂಚೂದು ಬ್ಯಾಡ. ಮಾರ್ಚ್ ತನಕ ಮೊದಲ ಗಂಟು ಇಕಿದು, ಇಕಿ ಕೈ ತುಂಬಿದ ಮ್ಯಾಲೆ ಉಳದದ್ದು ನಮ್ಮದು. ಕಡಿಮಿ ಆಗೂದು ನಮಗ ಹತ್ತು ಮಂದಿಗೆ ಆಗಲಿ." ಬಾಗಿಲ ಹತ್ತಿರದವಳು ಮುಖ ಸಣ್ಣ ಮಾಡಿದಳು, ಅವಳ ಮನೆಯಲ್ಲೂ ಏನು ಹಾಲಿನ ಹೊಳೆ ಹರಿಯುತ್ತಿರಲಿಲ್ಲ. ಡಬ್ಬಿಗೆ ಹಾಕಿದೆವು. ಎಂಟು ಬಿಳಿ, ಮೂರು ಕರಿ. ಆ ಮೂರರಲ್ಲಿ ಒಂದು ಹೀರಾದವನ ಹೆಂಡತಿಯದೇ ಅಂತ ನನಗೆ ಅನುಮಾನ. ಅವಳು ಹಾಗೇ.

ಕಾರ್ಖಾನೆಗೆ ಕೊಡಲು ಹೊಸ ಕಾಗದ ಬೇಕಾಗಿತ್ತು. ಬ್ಯಾಂಕಿನ ಕಾಕಾನನ್ನು ಕರೆದೆವು. ನಾವು ಹೇಳಿದ್ದು ಇಷ್ಟು: ನಮ್ಮ ಡಬ್ಬಿಯಲ್ಲಿ ಎರಡೂ ಕಡೆಯ ಮಣಿ ಕೂಡಿವೆ, ಯಾವುದು ಯಾವುದು ಗೊತ್ತಿಲ್ಲ. ಇನ್ನು ಮುಂದೆ ಬೇರೆ ಬೇರೆ ಇಟ್ಟು ಚೀಟಿ ಇಡುತ್ತೇವೆ. ನಿಮಗೆ ನಮ್ಮ ದೇಶದ ಮಣಿಯೇ ಬೇಕಾದರೆ ಅದನ್ನೇ ಹೊಲಿದು ಕೊಡುತ್ತೇವೆ. ಬೇರೆಯವರಿಗೆ ಏನು ಹೊಲಿಯಬೇಕು, ಯಾರ ಹತ್ತಿರ ಕೊಳ್ಳಬೇಕು ಎಂಬುದು ನಮಗೆ ಬಿಟ್ಟದ್ದು.

ಕಾಕಾ ಎರಡು ಪುಟ ತುಂಬ ಬರೆದ. ಓದಿಸಿ ಕೇಳಿದರೆ ನಡುವೆ ಪ್ರಜಾಪ್ರಭುತ್ವ, ವಿಶ್ವಶಾಂತಿ ಎಲ್ಲ ಬಂದಿತ್ತು.

"ಕಾಕಾ, ಇದರಾಗ ಮಣಿ ಎಲ್ಲಿ?" ಅಂದೆ.

"ಬರ್ತಾವು, ಬರ್ತಾವು, ಎರಡನೇ ಪುಟದಾಗ."

"ಎರಡನೇ ಪುಟ ಅಷ್ಟ ಇರಲಿ, ಮೊದಲನೇದು ಹರೀರಿ."

ಗೊಣಗುತ್ತಾ ಹರಿದ. ಹನ್ನೊಂದು ಮಂದಿಯೂ ಸಹಿ ಹಾಕಿದೆವು, ಬಾರದವರು ಹೆಬ್ಬೆಟ್ಟು ಒತ್ತಿದರು.

ಮಗನಿಗೆ ಹೇಳಿದೆ. ಅವನಿಗೆ ಹಿಡಿಸಲಿಲ್ಲ. "ಅವ್ವಾ, ದೇಶ ನಡಸೂದು ಮಣಿ ಹೊಲದಂಗಲ್ಲ. ಎಲ್ಲಾರನ್ನೂ ಕೇಳಿಕೋತ ಕುಂತ್ರ ಅಷ್ಟರಾಗ ಎದುರಿನವ ಮನಿ ಒಳಗ ಬಂದಿರ್ತಾನ."

"ನಾನು ಕೇಳದ ಹಾಕಿದ್ದಕ್ಕ ಎದುರಿನವ ಆಗಲೇ ಒಳಗ ಬಂದಿದ್ದ" ಅಂದೆ. "ಕೇಳಿದ್ದು ಅವನ್ನ ಹೊರಗ ಹಾಕಾಕ. ಎರಡು ತಾಸು ಹಿಡೀತು, ಚಹಾದ ಹೊತ್ತೂ ಸೇರಿ."

"ಎಲ್ಲಾದಕ್ಕೂ ಎರಡು ತಾಸು ಸಿಗೂದಿಲ್ಲ."

ಅದು ಹೌದು. ಸಿಗದ ದಿನವೂ ಬರುತ್ತದೆ, ಅಂಥ ದಿನಕ್ಕೆ ಏನು ಮಾಡಬೇಕು ಅಂತ ನನಗೆ ಗೊತ್ತಿಲ್ಲ. ಸಿಕ್ಕ ದಿನವೂ ಸಿಗಲಿಲ್ಲ ಅನ್ನುವವರು ಬಹಳ, ನಾನೂ ಅವರಲ್ಲಿ ಒಬ್ಬಳು, ಅಷ್ಟು ಗೊತ್ತು. ಕೇಳಿ ಮಾಡಿದರೆ ನಷ್ಟವಾಗುವುದಿಲ್ಲ ಅಂತಲೂ ಹೇಳುವುದಿಲ್ಲ. ನಷ್ಟವಾಯಿತು. ನಮ್ಮ ಕಾಗದ ಓದಿದ ಮೇಲೆ ಕಾರ್ಖಾನೆಯವರು ಕಳಿಸುವ ಮಾಲನ್ನು ಅರ್ಧಕ್ಕಿಂತ ಕಡಿಮೆ ಮಾಡಿದರು. ದೇಶದ ಮಣಿ ತುಟ್ಟಿ, ಸೊಟ್ಟ ಬೇರೆ. ಚೀಟಿ ಬರೆದು ಬೇರೆ ಇಟ್ಟ ಮಣಿಯಲ್ಲಿ ಗೆರೆ ಬಿದ್ದು ಎಷ್ಟೋ ಪಟ್ಟಿ ವಾಪಸು ಬಂದವು. ಬಾಗಿಲ ಹತ್ತಿರದವಳು ಡಿಸೆಂಬರಿನಲ್ಲಿ ಬಿಟ್ಟು ಬೇರೆ ಕಡೆ ಅಡುಗೆ ಕೆಲಸಕ್ಕೆ ಸೇರಿದಳು, ಹೋಗುವಾಗ ನನಗೆ ಎರಡು ಮಾತು ಬೈದೇ ಹೋದಳು. ಅಂಗಡಿಯವನು ಮಶೀನು ಬೇಡ ಅಂದದ್ದಕ್ಕೆ ಒಂದು ತಿಂಗಳು ಮುಖ ತಿರುಗಿಸಿ, ಆಮೇಲೆ ತಾನೇ ಮಾತಾಡಿಸಿದ. ಅವನಿಗೂ ಗಿರಾಕಿ ಬೇಕಲ್ಲ. ಅವನ ಹಡಗಿನ ಮಣಿಯನ್ನು ಈಗಲೂ ಕೊಳ್ಳುತ್ತೇವೆ, ಊರಿನ ಸೀರೆ ಕೆಲಸಕ್ಕೆ. ಅದು ಬೇರೆ ಡಬ್ಬಿಯಲ್ಲಿ ಇರುತ್ತದೆ.

ಆ ದೀಪಾವಳಿಗೆ ಹೀರಾದವನ ಹೆಂಡತಿ ಹೋಗಲಿಲ್ಲ. ಮಗಳು ಮಾರ್ಚಿನಲ್ಲಿ ಪರೀಕ್ಷೆ ಬರೆದು ಪಾಸಾದಳು. ಏಪ್ರಿಲ್‌ನಲ್ಲಿ ಅವರು ಊರಿಗೆ ಹೋದರು, ವಜ್ರದ ಕಾರ್ಖಾನೆ ತೆರೆಯಲೇ ಇಲ್ಲ. ಅವರನ್ನು ನಾವು ಉಳಿಸಿಕೊಂಡೆವು ಅಂತ ಹೇಳಲಾರೆ. ಮಾರ್ಚಿನವರೆಗೆ ಉಳಿಸಿಕೊಂಡೆವು. ಹುಡುಗಿ ಅಲ್ಲಿನ ತಾಲ್ಲೂಕಿನ ಊರಿನಲ್ಲಿ ಹನ್ನೊಂದನೆಯದಕ್ಕೆ ಸೇರಿದ್ದಾಳಂತೆ. ತಾಯಿ ಫೋನಿನಲ್ಲಿ ಅಷ್ಟು ಹೇಳಿ, "ನಿಮ್ಮ ಕಣ್ಣು ಹೆಂಗಾವು?" ಅಂತ ಕೇಳಿ ಇಟ್ಟಳು. ಅವಳು ಹೆಚ್ಚು ಮಾತಿನವಳಲ್ಲ.

ಒಂದು ಮಾತು ಹೇಳುವುದು ಉಳಿಯಿತು. ಡಬ್ಬಿ ಇಳಿಸಿದ ಬುಧವಾರದ ಮರುದಿನ ಬೆಳಿಗ್ಗೆ ಏಳಕ್ಕೇ ಎಸ್ಟೇಟಿನ ಗೇಟಿಗೆ ನಡೆದು ಹೋದೆ. ಮಾಲು ತರುವವನು ಬೈಕ್ ನಿಲ್ಲಿಸುವವರೆಗೆ ಅಲ್ಲೇ ನಿಂತೆ. ಹೊಸ ಕಾಗದ ಅವನ ಕೈಗೆ ಕೊಟ್ಟೆ, ಹಳೆಯದು ಕೊಡು ಅಂದೆ. "ಮಾಸಿ, ಹುಚ್ಚು ಹಿಡದೈತೇನು?" ಅಂದ, ಆದರೆ ಬ್ಯಾಗಿನಿಂದ ತೆಗೆದು ಕೊಟ್ಟ, ಅವನು ಇನ್ನೂ ಒಳಗೆ ಮುಟ್ಟಿಸಿರಲಿಲ್ಲ. ಅವತ್ತಿನ ಗಂಟನ್ನು ಅವನು ಕೊಡಲೋ ಬೇಡವೋ ಅಂತ ನೋಡುತ್ತಿದ್ದ, ನಾನು ಕೈ ಚಾಚಿಯೇ ನಿಂತೆ. ಕೊಟ್ಟ. ತಂದು ಕೋಣೆ ತೆರೆದು, ಬೇರೆಯವರು ಬರುವ ಮೊದಲು ಹೀರಾದವನ ಹೆಂಡತಿಯ ಜಾಗದಲ್ಲಿ, ಅವಳ ಕನ್ನಡಕದ ಪಕ್ಕ ಗಂಟು ಇಟ್ಟೆ. ಆಮೇಲೆ ಎರಡೂ ಕಡೆಯ ಮಣಿ ಬೇರೆ ಬೇರೆ ಇಡಲು ಮನೆಯಿಂದ ಎರಡು ಖಾಲಿ ತುಪ್ಪದ ಡಬ್ಬಿ ತಂದು, ಬಿಸಿ ನೀರಿಗೆ ಸೋಡಾ ಪುಡಿ ಹಾಕಿ, ಜಿಡ್ಡು ಹೋಗುವವರೆಗೆ ತಿಕ್ಕಿದೆ.